ಸಂತೆಗೆ ಹೋಗಿ ಫೋಟೋ ತಂದವರು

ಪ್ರತಿ ಜನವರಿಯಲ್ಲಿ ನಮ್ಮ ಪತ್ರಿಕೆಗೆ ಎರಡೋ ಮೂರೋ ಕ್ರಿಸ್‌ಮಸ್ ಮಾರ್ಕೆಟ್ಟುಗಳು ಬರುತ್ತವೆ. ಒಂದು ನ್ಯೂರೆಂಬರ್ಗಿನದು, ಒಂದು ವಿಯೆನ್ನಾದ್ದು, ಯಾರಾದರೂ ಸ್ವಲ್ಪ ಓಡಾಡಿದ್ದರೆ ಡ್ರೆಸ್ಡೆನ್ನಿನದು. ಬರೆಯುವವರು ನಮ್ಮಂಥವರೇ: ಆನ್‌ಸೈಟ್ ಹೋದವರು, ಎಂಎಸ್ ಮಾಡಲು ಹೋದವರು. ಲೇಖನಗಳ ಕೆಳಗಿನ ಹೆಸರುಗಳನ್ನು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗದು. ಕೊರೆಯುವ ಚಳಿ, ಸಾಲುದೀಪ, ಮರದ ಅಂಗಡಿಗಳು, ಮಸಾಲೆ ಹಾಕಿ ಕಾಯಿಸಿದ ಗ್ಲೂವೈನ್, 'ಕಿನ್ನರ ಲೋಕ' ಎಂಬ ಮಾತು, ಕೊನೆಗೆ 'ನಮ್ಮಲ್ಲೂ ಇಷ್ಟು ಶಿಸ್ತು ಇದ್ದಿದ್ದರೆ' ಎಂಬ ನಿಟ್ಟುಸಿರು. ಈ ಸಲದವನ್ನು ತಿದ್ದಲು ಕೂತಾಗ, ಹೋಲಿಸಿ ನೋಡೋಣವೆಂದು 2018ರ ಡಿಸೆಂಬರಿನಲ್ಲಿ ನ್ಯೂರೆಂಬರ್ಗಿನಿಂದ ಬಂದು ನಾನೇ ಬರೆದದ್ದನ್ನು ತೆಗೆದೆ. ಕಿನ್ನರ ಲೋಕ ಅದರಲ್ಲಿ ಎರಡು ಸಲ ಇದೆ. ಹಾಗಾಗಿ ಈ ವಿಮರ್ಶೆಗೆ ಬೇರೆಯವರ ಬರಹ ಬೇಕಿಲ್ಲ, ನನ್ನದೇ ಸಾಕು.

ನನ್ನ ಲೇಖನದಲ್ಲಿ ಇಲ್ಲದ ಒಂದು ಪದ 'ಸಂತೆ'. ಜಾತ್ರೆಯೂ ಇಲ್ಲ, ಪರಿಷೆಯೂ ಇಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಬೆಳೆದವನು ನಾನು. ಗುಡಿಯ ಮುಂದೆ, ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ಹುರಿದ ಕಾಯಿಯ ವಾಸನೆ. ಅಲ್ಲಿ ಚರ್ಚಿನ ಮುಂದೆ, ವರ್ಷಕ್ಕೊಮ್ಮೆ, ಚಳಿಯಲ್ಲಿ, ಸಕ್ಕರೆ ಹಾಕಿ ಹುರಿದ ಬಾದಾಮಿಯ ವಾಸನೆ. ಆದರೂ ಹೋಲಿಕೆ ಹೊಳೆಯಲಿಲ್ಲ. ಹೊಳೆದಿದ್ದರೂ ಬರೆಯುತ್ತಿರಲಿಲ್ಲವೇನೋ. ಸಂತೆ ಎಂದೊಡನೆ ಸಂತೆಯ ಪ್ರಶ್ನೆಗಳು ಬರುತ್ತವೆ: ಮಾಲು ಎಲ್ಲಿಯದು, ಜಾಗದ ಸುಂಕ ಎಷ್ಟು, ಕೊನೆಯ ದಿನ ದರ ಇಳಿಯುತ್ತದೆಯೇ, ಮಾರುವವರು ರಾತ್ರಿ ಎಲ್ಲಿ ಮಲಗುತ್ತಾರೆ. ನಮ್ಮಜ್ಜಿ ಸಂತೆಯಿಂದ ಬಂದರೆ ಮೊದಲು ಹೇಳುತ್ತಿದ್ದುದು ದರ, ಆಮೇಲೆ ಯಾರು ಸಿಕ್ಕಿದ್ದರು ಅನ್ನುವುದು. ಸಂತೆ ಚೆಂದವಿತ್ತು ಎಂದು ಅವಳು ಹೇಳಿದ್ದು ನೆನಪಿಲ್ಲ. ಗೊರೂರರು ಮುಪ್ಪಿನಲ್ಲಿ ವಿಮಾನ ಹತ್ತಿದಾಗ ಊರನ್ನೂ ಜೊತೆಗೇ ಒಯ್ದಿದ್ದರು, 'ಅಮೇರಿಕಾದಲ್ಲಿ ಗೊರೂರು' ಎಂಬ ಹೆಸರು ಆ ಪುಸ್ತಕಕ್ಕೆ ಒಪ್ಪುವುದು ಅದಕ್ಕೇ. ನಾವು ಊರನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗುತ್ತೇವೆ.

ಬಿಟ್ಟುಹೋದದ್ದರಿಂದ ಆಗುವ ನಷ್ಟ ನೋಡಿ. ನ್ಯೂರೆಂಬರ್ಗಿನ ಲೆಬ್‌ಕೂಖನ್ ಎಂಬ ಜೇನಿನ ಬಿಸ್ಕತ್ತು ತಿಂದು, 'ಏಲಕ್ಕಿ, ಲವಂಗದ ಘಮಕ್ಕೆ ಅಮ್ಮನ ಅಡುಗೆಮನೆ ನೆನಪಾಯಿತು' ಎಂದು ಬರೆದಿದ್ದೇನೆ. ಅಷ್ಟೇ, ಅಲ್ಲಿಗೆ ಪೂರ್ಣವಿರಾಮ. ಏಲಕ್ಕಿ ಬೆಳೆಯದ ಊರಿಗೆ ಏಲಕ್ಕಿ ಹೇಗೆ ಬಂತೆಂದು ಸಂತೆಗೆ ಹೋದ ಯಾವ ಹೆಂಗಸೂ ಕೇಳಿಯಾಳು. 1505ರಲ್ಲಿ ಪೋರ್ಚುಗಲ್ಲಿನಿಂದ ಅಲ್ಮೇಡಾನ ಹಡಗುಪಡೆ ಮೆಣಸಿಗಾಗಿ ಹೊರಟಾಗ ಅದರ ಮೂರು ಹಡಗುಗಳಿಗೆ ದುಡ್ಡು ಹಾಕಿದವರಲ್ಲಿ ಜರ್ಮನ್ ವ್ಯಾಪಾರಿಗಳಿದ್ದರು. ಆಗ್ಸ್‌ಬರ್ಗಿನ ವೆಲ್ಸರ್, ಫುಗ್ಗರ್ ಮನೆತನಗಳ ಜೊತೆ ನ್ಯೂರೆಂಬರ್ಗಿನ ಇಮ್‌ಹಾಫ್, ಹಿರ್ಷ್‌ಫೋಗೆಲ್ ಮನೆತನಗಳೂ ಇದ್ದವು. ಆ ಪಡೆ ಕಾರವಾರದ ಬಳಿಯ ಅಂಜದೀವದಲ್ಲಿ ಕೋಟೆ ಕಟ್ಟಿತು, ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟಿತು. ವೆಲ್ಸರರ ಪರವಾಗಿ ಹೋಗಿದ್ದ ಬಾಲ್ತಸಾರ್ ಸ್ಪ್ರೆಂಗರ್ ಎಂಬಾತ ತನ್ನ ಪ್ರವಾಸವನ್ನು ಬರೆದು 1509ರಲ್ಲಿ ಅಚ್ಚು ಹಾಕಿಸಿದ. ಅಂದರೆ ನಾನು ಅಲ್ಲಿಗೆ ಹೋಗಿ ಬರೆಯುವ ಐನೂರು ವರ್ಷ ಮೊದಲೇ ಅಲ್ಲಿಯವನೊಬ್ಬ ನಮ್ಮ ಕರಾವಳಿಗೆ ಬಂದು ಹೋಗಿ ಬರೆದಿದ್ದ. ನನಗಿಂತ ಅವನಿಗೆ ತಾನು ವ್ಯಾಪಾರಕ್ಕೆ ಬಂದಿದ್ದೇನೆಂಬ ಅರಿವು ಇತ್ತು.

ಇನ್ನೊಂದು ಪದ 'ಸಾಂಪ್ರದಾಯಿಕ'. ಇದನ್ನು ಕಂಡರೆ ಈಗೀಗ ನನಗೆ ಅನುಮಾನ. ನ್ಯೂರೆಂಬರ್ಗಿನ ಸಂತೆಗೆ ಸಿಗುವ ಅತಿ ಹಳೆಯ ಗುರುತು 1628ರದು, ಮರದ ಪೆಟ್ಟಿಗೆಯೊಂದರ ಮೇಲಿನ ಬರಹ. ಅದು ಸರಿಯೇ. ಆದರೆ ಬಿಳಿ–ಬಂಗಾರದ ಉಡುಪಿನಲ್ಲಿ, ಗುಂಗುರು ಕೂದಲಿನ 'ಕ್ರಿಸ್ಟ್‌ಕಿಂಡ್' ಹುಡುಗಿ ಚರ್ಚಿನ ಮಾಡದಲ್ಲಿ ನಿಂತು ಸಂತೆ ಆರಂಭಿಸುವುದು ಶುರುವಾದದ್ದು 1933ರಲ್ಲಿ, ನಾತ್ಸಿಗಳು ಬೇರೆಡೆಗೆ ಹೋಗಿದ್ದ ಸಂತೆಯನ್ನು ಮತ್ತೆ ಹೌಪ್ಟ್‌ಮಾರ್ಕ್ಟ್ ಚೌಕಕ್ಕೆ ತಂದಾಗ. ಆ ಚೌಕದ ಹೆಸರೂ ಆಗ ಹಿಟ್ಲರನ ಹೆಸರಾಯಿತು. ಯುದ್ಧದಲ್ಲಿ ನಿಂತಿದ್ದ ಸಂತೆ 1948ರಲ್ಲಿ ಮತ್ತೆ ಶುರುವಾದಾಗ ಹುಡುಗಿ ಹೇಳುವ ಪದ್ಯವನ್ನು ಹೊಸದಾಗಿ ಬರೆಸಬೇಕಾಯಿತು.

ಚೌಕದ್ದೇ ಇನ್ನೂ ಹಳೆಯ ಕತೆಯಿದೆ. ಅಲ್ಲಿ ಮೊದಲು ಯೆಹೂದ್ಯರ ಕೇರಿ ಇತ್ತು. ಅದನ್ನು ಕೆಡವಿ ಮಾರುಕಟ್ಟೆ ಮಾಡಲು ನಾಲ್ಕನೇ ಚಾರ್ಲ್ಸ್ ದೊರೆ ಅನುಮತಿ ಕೊಟ್ಟ. 1349ರ ಡಿಸೆಂಬರ್ 5ರಂದು ನೂರಾರು ಯೆಹೂದ್ಯರನ್ನು ಕೊಂದರು. ಅವರ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲೇ ಈಗಿನ ಫ್ರೌಎನ್‌ಕಿರ್ಖೆ ಎದ್ದಿತು. ಮಧ್ಯಾಹ್ನ 12ಕ್ಕೆ ಆ ಚರ್ಚಿನ ಗಡಿಯಾರದಿಂದ ಏಳು ಗೊಂಬೆಗಳು ಹೊರಬಂದು ಒಬ್ಬ ರಾಜನ ಸುತ್ತ ಸುತ್ತುತ್ತವೆ. 'ಮುದ್ದಾದ ಗೊಂಬೆಗಳು' ಎಂದು ಬರೆದು ವಿಡಿಯೋ ಕೂಡ ಹಾಕಿದ್ದೆ. ನಡುವೆ ಕೂತಿರುವ ರಾಜ ಅದೇ ನಾಲ್ಕನೇ ಚಾರ್ಲ್ಸ್. ಚರ್ಚಿನ ಒಳಗೆ ನೆಲದಲ್ಲಿ ದಾವೀದನ ನಕ್ಷತ್ರವೊಂದನ್ನು ಕೂರಿಸಿದ್ದಾರೆ. ಅಂದರೆ ಊರಿನವರು ಮುಚ್ಚಿಟ್ಟಿಲ್ಲ, ನಾನು ಒಳಗೆ ಹೋಗಲಿಲ್ಲ. ನೇಮಿಚಂದ್ರರ 'ಯಾದ್ ವಶೇಮ್' ಓದಿ ಕಣ್ಣೀರು ಹಾಕಿದ್ದವನು ನಾನು, ಅದೇ ಜರ್ಮನಿಯಲ್ಲಿ ಹತ್ತು ದಿನ ಇದ್ದು ಒಮ್ಮೆಯೂ ಆ ಪುಸ್ತಕ ನೆನೆಯಲಿಲ್ಲ.

ಹಬ್ಬದ ಸಂಜೆ ಹೋಗಿ ಹೆಣ ಹುಡುಕಬೇಕೇ ಎಂದು ಇದನ್ನು ಓದಿದ ನನ್ನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ವೈನ್ ಕುಡಿಯಬೇಡಿ ಎಂದು ನಾನು ಹೇಳುತ್ತಿಲ್ಲ, ಆಲೂಗಡ್ಡೆ ವಡೆಯನ್ನು ಸೇಬಿನ ಗೊಜ್ಜಿನಲ್ಲಿ ಅದ್ದಿ ತಿಂದ ಸುಖವನ್ನು ನಾನೂ ಬಿಟ್ಟುಕೊಡಲಾರೆ. ಆದರೆ ಕಿನ್ನರ ಲೋಕ ಎಂದವನಿಗೆ ಮರುವರ್ಷವೇ ಉತ್ತರ ಸಿಕ್ಕಿತು. 2019ರಲ್ಲಿ ಕ್ರಿಸ್ಟ್‌ಕಿಂಡ್ ಆಗಿ ಆರಿಸಿ ಬಂದ ಹುಡುಗಿ ಬೆನಿಗ್ನಾ ಮುನ್ಸಿ, ನ್ಯೂರೆಂಬರ್ಗಿನವಳೇ, ಆಗ 17 ವರ್ಷ. ತಂದೆ ಭಾರತದಿಂದ ಹೋದವರು. ಎಎಫ್‌ಡಿ ಪಕ್ಷದ ಒಂದು ಸ್ಥಳೀಯ ಘಟಕ ಅವಳ ಚಿತ್ರ ಹಾಕಿ, ಅಮೆರಿಕದ ಮೂಲನಿವಾಸಿಗಳಿಗಾದ ಗತಿ ನಮಗೂ ಆದೀತು ಎಂಬರ್ಥದ ಮಾತು ಬರೆಯಿತು, ಗದ್ದಲವಾದ ಮೇಲೆ ಅಳಿಸಿತು. ಊರು ಹುಡುಗಿಯ ಬೆನ್ನಿಗೆ ನಿಂತಿತು, ಅವಳೇ ಸಂತೆ ಆರಂಭಿಸಿದಳು. ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ಇಂದು ಜರ್ಮನಿಯಲ್ಲಿ ಶಾಲೆಗೆ ಹೋಗುತ್ತಿದ್ದಾರೆ. ಅದಾದ ಮೇಲೆ ನಮಗೆ ಬಂದ ನ್ಯೂರೆಂಬರ್ಗ್ ಲೇಖನಗಳಲ್ಲಿ ಒಂದರಲ್ಲೂ ಆ ಹುಡುಗಿಯಿಲ್ಲ.

ಇನ್ನು ಮನೆಯ ಹತ್ತಿರದ ಸಂತೆ. ಕೋಯಂಬೇಡು ನಮ್ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರ. 1996ರಲ್ಲಿ ಕೊತ್ತವಾಲ್ ಚಾವಡಿಯಿಂದ ಸಗಟು ವ್ಯಾಪಾರ ಇಲ್ಲಿಗೆ ಬಂದಿತು. ಪೊಂಗಲ್ಲಿಗೆ ಮುಂಚೆ ಇಲ್ಲಿ ವಿಶೇಷ ಸಂತೆ ಕೂಡುತ್ತದೆ, ತಮಿಳಿನಲ್ಲಿ ಸಿರಪ್ಪು ಸಂದೈ. ಸಂದೈ ನಮ್ಮ ಸಂತೆಯೇ. ಗರಿ ಸಮೇತ ಕರಿಕಬ್ಬಿನ ಕಟ್ಟು, ಎಲೆ ಸಮೇತ ಅರಿಶಿನದ ಗಿಡ, ಮಣ್ಣಿನ ಮಡಕೆ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಒಂದು ಸಾಲು ಬರೆದಿಲ್ಲ. ನಮ್ಮ ಪತ್ರಿಕೆಯಲ್ಲಿ ಕೋಯಂಬೇಡು ಕಾಣಿಸಿದ್ದು ಒಮ್ಮೆ, 2020ರ ಮೇನಲ್ಲಿ, ಇಲ್ಲಿಂದ ಕೊರೋನಾ ಹಬ್ಬಿ ಮಾರುಕಟ್ಟೆ ಮುಚ್ಚಿದಾಗ. ಅವರ ಸಂತೆ ನಮಗೆ ಕಿನ್ನರ ಲೋಕ, ನಮ್ಮದು ರೋಗದ ಗೂಡು. ಎರಡು ಕಡೆಯೂ ನಾವು ಮಾರುವವನ ಮುಖ ನೋಡಿಲ್ಲ.

ಈ ಸಲ ಭೋಗಿಯ ಹಿಂದಿನ ರಾತ್ರಿ ಹೋದೆ. ಕಡಲೂರು ಕಡೆಯವರು ಕಬ್ಬಿನ ರಾಶಿಗೇ ಒರಗಿ ಟಾರ್ಪಾಲ್ ಹೊದ್ದು ಮಲಗಿದ್ದರು. ನಾನು ಮೊಬೈಲ್ ಎತ್ತಿ ಹಿಡಿದು ದೀಪದ ಬೆಳಕಿಗೆ ಕೋನ ಹುಡುಕುತ್ತಿದ್ದೆ. ಟೊಮೆಟೊ ಇಳಿಸಿ ಬಂದ ಕೋಲಾರದ ಲಾರಿ ಡ್ರೈವರ್ ಒಬ್ಬರು, ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡಿದ್ದರೇನೋ, "ಏನಣ್ಣಾ, ಕಬ್ಬು ತಗೊಳ್ಳೋಕೆ ಬಂದ್ರಾ, ಫೋಟೋ ತೆಗೆಯೋಕೆ ಬಂದ್ರಾ?" ಎಂದರು. ಎರಡು ಜಲ್ಲೆ ತಗೊಂಡೆ. ಚೌಕಾಸಿ ಮಾಡಿದೆ, ಗೆಲ್ಲಲಿಲ್ಲ.

ಈ ಸಲದ ನ್ಯೂರೆಂಬರ್ಗ್ ಲೇಖನ ಬರೆದವಳು ಅಲ್ಲಿ ಓದುತ್ತಿರುವ ಹುಡುಗಿ. ತಿದ್ದದೆ ವಾಪಸ್ ಕಳಿಸಿ ಒಂದೇ ಪ್ರಶ್ನೆ ಕೇಳಿದೆ: ಗ್ಲೂವೈನಿನ ಮಗ್ಗಿಗೆ ಇಟ್ಟ ಠೇವಣಿ ವಾಪಸ್ ತಗೊಂಡೆಯಾ? ಉತ್ತರ ಬಂತು: "ಇಲ್ಲ ಸಾರ್, ಮಗ್ಗೇ ಇಟ್ಟುಕೊಂಡೆ. ರೂಮಿನಲ್ಲಿ ಹಲ್ಲುಜ್ಜೋ ಬ್ರಷ್ ಹಾಕಿದ್ದೀನಿ. ಇದನ್ನೂ ಬರೀಬೇಕಾ?"

ಬರಿಯಮ್ಮಾ ಅಂದೆ.