ಕಿವಿಗೆ ಬೀಳುವ ಕನ್ನಡ

ಟಿ.ವಿ. ಕಾರ್ಯಕ್ರಮಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಅಲ್ಲಿ ಏನು ತೋರಿಸುತ್ತಾರೆ ಎಂಬುದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕಥೆ ಹೇಗಿದೆ, ನಟನೆ ಹೇಗಿದೆ, ಭಾಷೆ ಶುದ್ಧವಾಗಿದೆಯೇ ಎಂದು ವಿಚಾರಿಸುತ್ತಾರೆ. ಅದನ್ನು ಯಾರು ಯಾರೊಡನೆ ಕುಳಿತು ನೋಡುತ್ತಾರೆ, ನೋಡದೆ ಪಕ್ಕದ ಕೋಣೆಯಲ್ಲಿ ಕುಳಿತವರ ಕಿವಿಗೆ ಏನು ಬೀಳುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕರ್ನಾಟಕದೊಳಗಿರುವವರಿಗೆ ಈ ಪ್ರಶ್ನೆ ಅಷ್ಟು ಮುಖ್ಯವೆನಿಸದಿರಬಹುದು. ಅಲ್ಲಿ ಬಸ್ಸಿನಲ್ಲಿ, ಸಂತೆಯಲ್ಲಿ, ಶಾಲೆಯ ಅಂಗಳದಲ್ಲಿ ಕನ್ನಡ ಕೇಳುತ್ತಲೇ ಇರುತ್ತದೆ. ಮುಂಬಯಿಯಂಥ ಊರಿನಲ್ಲಿ ಬಿಡಾರ ಹೂಡಿದ ನಮಗಾದರೋ ಮನೆಯ ನಾಲ್ಕು ಗೋಡೆಗಳ ಒಳಗೆ ಕೇಳಿಸಿದಷ್ಟೇ ಕನ್ನಡ. ಆದ್ದರಿಂದ ಕಳೆದ ನಾಲ್ವತ್ತು ವರ್ಷಗಳಲ್ಲಿ ನಮ್ಮ ಮನೆಗಳ ಟಿ.ವಿ. ಹೇಗೆ ಬದಲಾಯಿತೆಂಬುದನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಮುಂಬಯಿಯಲ್ಲಿ ಟಿ.ವಿ. ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಅದರ ಮಾತು ಮರಾಠಿ, ಹಿಂದಿ, ಗುಜರಾತಿ. ಹಾಗಿರುವುದು ನ್ಯಾಯವೂ ಹೌದು. ನಾವು ಬಂದು ಸೇರಿದ ಊರು ಇದು. 1982ರಲ್ಲಿ ಬಣ್ಣವೂ ರಾಷ್ಟ್ರೀಯ ಕಾರ್ಯಕ್ರಮವೂ ಬಂದ ಮೇಲೆ ಹಿಂದಿಯ ಪಾಲು ಇನ್ನಷ್ಟು ಬೆಳೆಯಿತು. ಎಂಬತ್ತರ ದಶಕದ ನಡುವಿನಲ್ಲಿ ರವಿವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರ ತೋರಿಸುವ ಪದ್ಧತಿ ಬಂದಿತು. ಅದರಲ್ಲಿ ಕನ್ನಡದ ಸರದಿಗಾಗಿ ನಾವು ವಾರಗಟ್ಟಲೆ ಕಾಯುತ್ತಿದ್ದೆವು. ಆ ದಿನ ಊಟ ಬೇಗ ಮುಗಿಯುತ್ತಿತ್ತು.

ಕುಂದಾಪುರದ ಕಡೆಯವರಾದ ನಮ್ಮ ಅಮ್ಮನಿಗೆ ಹಿಂದಿ ಬಾರದು. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಆರಂಭವಾದಾಗ ಅವರಿಗೆ ಯಾರ ಸಹಾಯವೂ ಬೇಕಾಗಲಿಲ್ಲ, ಕಥೆ ಗೊತ್ತಿತ್ತು. ತೊಂದರೆಯಾದದ್ದು ‘ಮಾಲ್ಗುಡಿ ಡೇಸ್’ ನೋಡುವಾಗ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಆ ಕೃತಿ ಭಾರತದ ಕಿರುತೆರೆಯ ಶ್ರೇಷ್ಠ ಕೃತಿಗಳಲ್ಲೊಂದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹೆಂಚಿನ ಮನೆ, ಜಗಲಿ, ಮಳೆಗೆ ನೆನೆದ ಬೀದಿ, ಮುಖಗಳು ಎಲ್ಲವೂ ನಮ್ಮವು. ಮಾತು ಮಾತ್ರ ಹಿಂದಿ. ಸ್ವಾಮಿಯ ತಂದೆಯ ಪಾತ್ರದಲ್ಲಿ ಗಿರೀಶ ಕಾರ್ನಾಡರು ಬಂದು ಮಗನನ್ನು ಗದರಿದಾಗ ಅಮ್ಮ ನನ್ನತ್ತ ತಿರುಗಿ, “ಇವ್ರಿಗೆ ಕನ್ನಡ ಬತ್ತಿಲ್ಯಾ?” ಎಂದು ಕೇಳಿದರು. ಆ ಧಾರಾವಾಹಿಯ ಬಗ್ಗೆ ಅದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಇದುವರೆಗೆ ಓದಿಲ್ಲ.

ಕೇಬಲ್ ಬಂದದ್ದು ಇದೇ ಕಾಲದಲ್ಲಿ. ಇಂದಿನವರು ಅದನ್ನು ಆಕಾಶದಿಂದ ಇಳಿದು ಬಂದದ್ದೆಂದು ತಿಳಿಯುತ್ತಾರೆ. ಅಲ್ಲ, ಮೊದಲ ಕೇಬಲ್ಲಿಗೂ ಉಪಗ್ರಹಕ್ಕೂ ಸಂಬಂಧವಿರಲಿಲ್ಲ. 1984ರ ಸುಮಾರಿಗೆ ಮುಂಬಯಿಯ ದೊಡ್ಡ ಕಟ್ಟಡಗಳಲ್ಲಿ ಒಂದೊಂದು ವಿ.ಸಿ.ಆರ್. ಇಟ್ಟು, ತಾರಸಿಯಿಂದ ಮನೆಮನೆಗೆ ತಂತಿ ಇಳಿಬಿಟ್ಟು ಸಿನೆಮಾ ತೋರಿಸುವ ವ್ಯವಹಾರ ಶುರುವಾಯಿತು. ಕೆಲವು ವರ್ಷಗಳ ಮೇಲೆ ಡೊಂಬಿವಲಿಯ ನಮ್ಮ ನಾಲ್ಕು ಮಾಳಿಗೆಯ ಕಟ್ಟಡಕ್ಕೂ ಆ ತಂತಿ ಬಂದಿತು. ಅದನ್ನು ನಡೆಸುತ್ತಿದ್ದವನು ಹಿಂದಿನ ಗಲ್ಲಿಯ ಮರಾಠಿ ತರುಣ. ತಿಂಗಳ ಮೊದಲ ವಾರ ತಾನೇ ಬಂದು ಹಣ ವಸೂಲಿ ಮಾಡುತ್ತಿದ್ದ. ಚಿತ್ರ ನಡುಗುತ್ತಿತ್ತು, ಕೆಳಗಡೆ ಸೀರೆ ಅಂಗಡಿಯ ಜಾಹೀರಾತು ಹರಿಯುತ್ತಿತ್ತು, ನಾಯಕಿ ಅಳುವ ಹೊತ್ತಿಗೆ ಸರಿಯಾಗಿ ಟೇಪು ಸಿಕ್ಕಿಹಾಕಿಕೊಳ್ಳುತ್ತಿತ್ತು. ಕ್ಯಾಸೆಟ್ಟುಗಳಲ್ಲಿ ಬಹುಪಾಲು ಕಳ್ಳಪ್ರತಿಗಳೆಂಬುದು ಎಲ್ಲರಿಗೂ ತಿಳಿದಿತ್ತು. ಚಿತ್ರ ಮಾಡಿದವರ ಹೊಟ್ಟೆಯ ಮೇಲೆ ಹೊಡೆದು ನಾವು ನೋಡಿದ ಸಿನೆಮಾಗಳವು. ಆ ಕಾಲವನ್ನು ಹೊಗಳುವವರು ಇದನ್ನು ಮರೆಯಬಾರದು.

ಆದರೂ ಆ ವ್ಯವಸ್ಥೆಗೆ ಒಂದು ಗುಣವಿತ್ತು. ಅದನ್ನು ನಡೆಸುವವನು ಕೈಗೆ ಸಿಗುತ್ತಿದ್ದ. ಊರಿಗೆ ಹೋಗಿ ಬಂದವರು ಒಂದು ಕನ್ನಡ ಕ್ಯಾಸೆಟ್ ತಂದರೆ ಅವನ ಕೈಗಿತ್ತು, “ರವಿವಾರ ಬೆಳಿಗ್ಗೆ ಹಾಕು ಮಾರಾಯ” ಎನ್ನಬಹುದಿತ್ತು. ಹಾಗೆ ಒಮ್ಮೆ ‘ಕಸ್ತೂರಿ ನಿವಾಸ’ ಹಾಕಿದ. ಒಂದೇ ತಂತಿಯಾದ್ದರಿಂದ ಇಡೀ ಕಟ್ಟಡ ಅದನ್ನೇ ನೋಡಬೇಕಾಯಿತು. ಪಾರಿವಾಳದ ಪ್ರಸಂಗ ಮುಗಿದ ಮೇಲೆ ಎದುರು ಮನೆಯ ಮರಾಠಿ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಬಂದು, ನಿಮ್ಮ ರಾಜಕುಮಾರರ ಇನ್ನೊಂದು ಚಿತ್ರ ಯಾವಾಗ ಎಂದು ವಿಚಾರಿಸಿದರು. ಅಷ್ಟು ವರ್ಷ ನಮ್ಮನ್ನು ‘ಮದ್ರಾಸಿ’ ಎಂದು ಕರೆಯುತ್ತಿದ್ದ ಮನೆ ಅದು. ಮರುದಿನದಿಂದ ನಾವು ‘ಕಾನಡಿ’ಯವರಾದೆವು.

ಆಕಾಶದ ಕೇಬಲ್ ಬಂದದ್ದು ಅನಂತರ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧವನ್ನು ಸಿ.ಎನ್.ಎನ್. ನೇರವಾಗಿ ತೋರಿಸಿತು, ಅದೇ ವರ್ಷ ಸ್ಟಾರ್ ವಾಹಿನಿಗಳು, 1992ರ ಅಕ್ಟೋಬರಿನಲ್ಲಿ ಝೀ ಟಿ.ವಿ. ಬಂದವು. ನಮ್ಮ ತಾರಸಿಯ ಮೇಲೆ ಬಿಳಿಯ ತಟ್ಟೆ ಎದ್ದಿತು. 1994ರಲ್ಲಿ ಉದಯ ಟಿ.ವಿ. ಆರಂಭವಾದ ಸುದ್ದಿ ಊರಿನಿಂದ ಬಂದಾಗ ನಾವು ಕೆಲವರು ಆ ತರುಣನ ಬಳಿಗೆ ಹೋದೆವು. ಅವನ ಉತ್ತರ ವ್ಯಾಪಾರಿಯದು: “ಕಾಕಾ, ಅದಕ್ಕೆ ಬೇರೆ ಡಿಶ್ ಹಾಕಬೇಕು. ಇಪ್ಪತ್ತು ಮನೆ ತೋರಿಸಿ, ಹಾಕುತ್ತೇನೆ.”

ಇಪ್ಪತ್ತು ಮನೆ! ನಮಗೆ ಗೊತ್ತಿದ್ದದ್ದು ಏಳು. ನಾನೂ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಮಿತ್ರರೊಬ್ಬರೂ ಎರಡು ರವಿವಾರ ಗಲ್ಲಿ ಗಲ್ಲಿ ಅಲೆದೆವು. ಹೋಟೆಲಿನ ಮೇಲಿನ ಕೋಣೆಯಲ್ಲಿ ತುಳು ಮಾತಾಡುವ ಹುಡುಗರು, ರೈಲ್ವೆಯಲ್ಲಿದ್ದ ಹುಬ್ಬಳ್ಳಿಯವರು, ಕಟ್ಟಡದ ಕೆಲಸಕ್ಕೆ ಬಂದ ಕಲಬುರ್ಗಿಯ ಸಂಸಾರಗಳು, ಮನೆಯಲ್ಲಿ ಕೊಂಕಣಿಯಾಡಿದರೂ ಕನ್ನಡ ಶಾಲೆಯಲ್ಲಿ ಓದಿದ ಕಾರವಾರದವರು ಒಬ್ಬೊಬ್ಬರಾಗಿ ಸಿಕ್ಕಿದರು. ಪಟ್ಟಿ ಇಪ್ಪತ್ತನಾಲ್ಕಕ್ಕೆ ಮುಟ್ಟಿತು. ಹತ್ತು ವರ್ಷ ಒಂದೇ ಲೋಕಲ್ ಗಾಡಿಯಲ್ಲಿ ಹೋಗಿಬರುತ್ತಿದ್ದವರು ಕನ್ನಡಿಗರೆಂದು ಪರಸ್ಪರ ತಿಳಿದದ್ದು ಒಂದು ವಾಹಿನಿಗಾಗಿ ಸಹಿ ಹಾಕುವಾಗ. ಅನಂತರ ಇನ್ನೊಂದು ಪಂಚಾಯತಿಗೆ. ನಮ್ಮ ಹಳೆಯ ಟಿ.ವಿ.ಗಳಿಗೆ ಹನ್ನೆರಡೇ ಗುಂಡಿ. ಉದಯ ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕು. ಗುಜರಾತಿಯವರು, ತಮಿಳರು, ಮರಾಠಿಯವರು ಎಲ್ಲರೊಡನೆ ಮಾತಾಡಿ ಒಂದು ವಿದೇಶಿ ಕ್ರೀಡಾ ವಾಹಿನಿಯನ್ನು ಬೀಳ್ಕೊಟ್ಟೆವು. ಒಂದೇ ತಂತಿಯಲ್ಲಿ ಎಲ್ಲರ ಭಾಷೆಯೂ ಹರಿಯಬೇಕಾದರೆ ಒಬ್ಬರಿಗೊಬ್ಬರು ಮುಖ ಕೊಟ್ಟು ಕೇಳಿಕೊಳ್ಳಲೇಬೇಕಾಗಿತ್ತು.

ಅಂದು ಬಂದ ಕನ್ನಡ ಎಂಥದು? ಬಹಳವೇನೂ ಹೊಗಳುವಂಥದಲ್ಲ. ಹಳೆಯ ಚಿತ್ರಗಳು, ಚಿತ್ರಗೀತೆಗಳು, ಅರ್ಧ ಇಂಗ್ಲಿಷಿನ ನಿರೂಪಣೆ. ಧಾರವಾಡದ ಮಾತೋ ಕರಾವಳಿಯ ಮಾತೋ ಬಂದರೆ ಹೆಚ್ಚಾಗಿ ನಗಿಸಲಿಕ್ಕೆಂದೇ ಬರುತ್ತಿತ್ತು. ಅತ್ತೆ ಸೊಸೆಯರ ಧಾರಾವಾಹಿಗಳು ಬಂದ ಮೇಲಂತೂ ದಿನಕ್ಕೆ ಮೂರು ತಾಸು ಮನೆಯಲ್ಲಿ ಚುಚ್ಚುಮಾತಿನ ಅಭ್ಯಾಸವರ್ಗ. ಕಿರುತೆರೆಯ ಕನ್ನಡ ಹೀಗೆಯೇ ಇರಬೇಕೆಂದೇನೂ ಇರಲಿಲ್ಲ. ನಮ್ಮ ಮುಂಬಯಿ ರಂಗಭೂಮಿಯಲ್ಲಿ ದುಡಿದ, ‘ಘಟಶ್ರಾದ್ಧ’ ಚಿತ್ರವನ್ನು ನಿರ್ಮಿಸಿದ ಸದಾನಂದ ಸುವರ್ಣರು ದೂರದರ್ಶನಕ್ಕಾಗಿ ಮಾಡಿದ ‘ಗುಡ್ಡದ ಭೂತ’ ತುಳುನಾಡಿನ ನೆಲವನ್ನೂ ಉಸಿರನ್ನೂ ಲೇವಡಿಯಿಲ್ಲದೆ ತೆರೆಗೆ ತಂದಿತ್ತು. 1998ರಲ್ಲಿ ಟಿ. ಎನ್. ಸೀತಾರಾಮ್ ಮತ್ತು ಸಂಗಡಿಗರ ‘ಮಾಯಾಮೃಗ’ ಮಧ್ಯಮವರ್ಗದ ಮನೆಯ ಸಂಭಾಷಣೆಯನ್ನು ಮನೆಯವರೇ ಮಾತಾಡಿದಂತೆ ಕೇಳಿಸಿತು. ಎರಡೂ ಖಾಸಗಿ ವಾಹಿನಿಗಳ ಫಲಗಳಲ್ಲ ಎಂಬುದನ್ನು ಗಮನಿಸಬೇಕು.

ಇಷ್ಟು ಕೊರತೆಯಿದ್ದರೂ ಆ ಸಾಮಾನ್ಯ ಕನ್ನಡವೇ ನಮ್ಮ ಮನೆಯಲ್ಲಿ ಒಂದು ದೊಡ್ಡ ಕೆಲಸ ಮಾಡಿತು. ಅಮ್ಮ ಟಿ.ವಿ. ನೋಡುತ್ತ ನಮಗಿಂತ ಮೊದಲು ನಕ್ಕದ್ದನ್ನು ನಾನು ಆಗ ಮೊದಲ ಬಾರಿಗೆ ಕಂಡೆ. ಅದುವರೆಗೆ ಯಾರಾದರೂ ವಿವರಿಸಿದ ಮೇಲೆ ಅವರ ನಗೆ ಬರುತ್ತಿತ್ತು. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನಮ್ಮ ಮಗಳು ಟಿ.ವಿ.ಗೆ ಬೆನ್ನು ಹಾಕಿ ಲೆಕ್ಕ ಮಾಡುತ್ತಿದ್ದಳು. ಅವಳಿಗೆ ಕನ್ನಡ ಚಿತ್ರದಲ್ಲಿ ಆಸಕ್ತಿಯೇ ಇರಲಿಲ್ಲ. ಆದರೆ ಒಂದು ದಿನ ನಾನು ಯಾವುದಕ್ಕೋ ಹೌದೆಂದೂ ಅಲ್ಲವೆಂದೂ ಹೇಳದೆ ತಪ್ಪಿಸಿಕೊಂಡಾಗ, “ಅಪ್ಪ, ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ” ಎಂದಳು. ಆ ಮಾತನ್ನು ನಾವು ಕಲಿಸಿರಲಿಲ್ಲ. ಬೆನ್ನ ಹಿಂದಿನಿಂದ ಬಂದು ಕಿವಿಗೆ ಬಿದ್ದದ್ದು ಅದು. ಸಂಘದ ಕನ್ನಡ ವರ್ಗದಲ್ಲಿ ಅಕ್ಷರ ಕಲಿಸಬಹುದು. ನಾಣ್ನುಡಿಯ ಸಮಯೋಚಿತ ಬಳಕೆ ಹೀಗೆ ಕಿವಿಯ ಮೂಲಕವೇ ಬರಬೇಕು.

ಬದಲಾವಣೆ ಒಂದೇ ದಿನ ಆಗಲಿಲ್ಲ. ಮೊದಲು ಮಲಗುವ ಕೋಣೆಗೆ ಎರಡನೆಯ ಟಿ.ವಿ. ಬಂದಿತು. 2003ರ ಅನಂತರ ಮನೆಗೊಂದು ಸ್ವಂತ ತಟ್ಟೆ ಇಡುವ ಡಿ.ಟಿ.ಎಚ್. ಬಂದಿತು. 2012ರ ಕೊನೆಗೆ ಮುಂಬಯಿಯಲ್ಲಿ ಕೇಬಲ್ ಪೆಟ್ಟಿಗೆ ಕಡ್ಡಾಯವಾಯಿತು. 2019ರ ಫೆಬ್ರವರಿಯಿಂದ ಬೇಕಾದ ವಾಹಿನಿಯನ್ನು ತಾನೇ ಆರಿಸಿ ಅದಕ್ಕಷ್ಟೇ ಹಣ ಕೊಡುವ ನಿಯಮ ಜಾರಿಗೆ ಬಂದಿತು. ಈಗ ಕನ್ನಡ ವಾಹಿನಿಗಾಗಿ ನೆರೆಯವರ ಸಹಿ ಬೇಕಾಗಿಲ್ಲ. ಅದು ಗ್ರಾಹಕನಿಗೆ ಲಾಭವೇ. ಆದರೆ ಪಕ್ಕದ ಮನೆಯವರು ಕನ್ನಡಿಗರೇ ಎಂದು ಕೇಳಬೇಕಾದ ಕಾರಣವೂ ಅದರೊಂದಿಗೆ ಹೋಯಿತು. ಮೊಬೈಲು ಉಳಿದದ್ದನ್ನು ಪೂರೈಸಿತು. ಇಂದು ನಮ್ಮ ಮನೆಯ ಸಂಜೆಯ ದೃಶ್ಯ ಹೀಗಿದೆ: ನನ್ನಾಕೆ ಮೂಲೆಯ ಕುರ್ಚಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕನ್ನಡ ಧಾರಾವಾಹಿ ನೋಡುತ್ತಾಳೆ, ಮೊಮ್ಮಗಳು ಸೋಫಾದ ಮೇಲೆ ತನ್ನ ಇಯರ್‌ಫೋನ್ ಹಾಕಿಕೊಂಡು ಕೊರಿಯಾದ ಧಾರಾವಾಹಿ ನೋಡುತ್ತಾಳೆ, ಗೋಡೆಯ ಮೇಲಿನ ದೊಡ್ಡ ಟಿ.ವಿ. ಕಪ್ಪಾಗಿ ಸುಮ್ಮನಿರುತ್ತದೆ. ಇಬ್ಬರ ನಡುವೆ ಮೂರು ಮೊಳ ಅಂತರ. ಮನೆಯೊಳಗೆ ಕನ್ನಡ ಇದೆ, ಆದರೆ ಕೇಳಿಸುತ್ತಿಲ್ಲ.

ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ಹಲುಬಲು ನಾನು ಇದನ್ನು ಬರೆಯುತ್ತಿಲ್ಲ. ಒಂದೇ ಟಿ.ವಿ. ಇದ್ದ ಮನೆಯಲ್ಲಿ ಕ್ರಿಕೆಟ್ ಇದ್ದ ದಿನ ಹೆಂಗಸರಿಗೆ ಏನೂ ಇರಲಿಲ್ಲ. ಅಡಿಗೆಮನೆಯಿಂದ ಇಣುಕಿ ಅವರು ನೋಡಿದ ಅರ್ಧ ಕಥೆಗಳ ಲೆಕ್ಕ ಇಟ್ಟವರಿಲ್ಲ. ಇಂದು ನನ್ನಾಕೆ ತನಗೆ ಬೇಕಾದ್ದನ್ನು ಬೇಕಾದ ಹೊತ್ತಿಗೆ ಪೂರ್ತಿಯಾಗಿ ನೋಡುತ್ತಾಳೆ. ಕಳ್ಳಪ್ರತಿಯ ಅವಶ್ಯಕತೆ ಇಲ್ಲ. ಕನ್ನಡ ಓದಲು ಬಾರದ ಮೊಮ್ಮಗಳೂ ಇಂಗ್ಲಿಷ್ ಅಡಿಬರಹದ ನೆರವಿನಿಂದ ಕನ್ನಡ ಚಿತ್ರ ನೋಡಬಲ್ಲಳು. ಹುಡುಕಿದರೆ ಸಿಗುವ ಕನ್ನಡ ಇಂದು ಇರುವಷ್ಟು ಹಿಂದೆಂದೂ ಇರಲಿಲ್ಲ. ಆದರೆ ಹುಡುಕುವವರು ಆಗಲೇ ಕನ್ನಡ ಬಲ್ಲವರು. ಹುಡುಕದವರಿಗೆ, ಎಂದರೆ ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ, ಭಾಷೆ ತಾನಾಗಿ ಬಂದು ಮುಟ್ಟುತ್ತಿದ್ದ ಒಂದು ದಾರಿ ಮುಚ್ಚಿಹೋಗಿದೆ. ನಾವು ಅದನ್ನು ಗಮನಿಸಲೂ ಇಲ್ಲ. ಮನೆ ಶಾಂತವಾಗಿದೆ ಎಂದು ಸಂತೋಷಪಟ್ಟೆವು.

ಇದಕ್ಕೆ ನನ್ನ ಬಳಿ ದೊಡ್ಡ ಪರಿಹಾರವಿಲ್ಲ. ನಮ್ಮ ಮನೆಯಲ್ಲಿ ಒಂದು ಸಣ್ಣ ಕರಾರು ಮಾಡಿಕೊಂಡಿದ್ದೇವೆ. ರವಿವಾರ ರಾತ್ರಿ ಊಟದ ಹೊತ್ತಿಗೆ ಗೋಡೆಯ ಟಿ.ವಿ. ಹಚ್ಚಿ ಯಾವುದಾದರೂ ಕನ್ನಡ ಚಿತ್ರ ಹಾಕುವುದು, ಯಾರ ಕಿವಿಯಲ್ಲೂ ಇಯರ್‌ಫೋನ್ ಕೂಡದು, ನೋಡಲೇಬೇಕೆಂಬ ಒತ್ತಾಯವಿಲ್ಲ. ಮೊಮ್ಮಗಳು ಮೊದಲ ಎರಡು ವಾರ ಮುಖ ಊದಿಸಿಕೊಂಡು ತಟ್ಟೆಯನ್ನೇ ನೋಡುತ್ತ ಉಂಡಳು. ಮೂರನೆಯ ವಾರ ಹಳೆಯ ಹಾಸ್ಯಚಿತ್ರವೊಂದು ನಡೆಯುತ್ತಿದ್ದಾಗ ತಟ್ಟೆಯಿಂದ ತಲೆಯೆತ್ತದೆ, “ಅಜ್ಜ, ಗಾಂಪ ಎಂದರೆ ಏನು?” ಎಂದು ಕೇಳಿದಳು. ಅರ್ಥ ಹೇಳುತ್ತ ನನ್ನ ಅನ್ನ ಆರಿಹೋಯಿತು.

ನಮ್ಮ ಸಂಘವೂ ತಿಂಗಳಿಗೊಂದು ಸಂಜೆ ಸಭಾಗೃಹದಲ್ಲಿ ಒಂದು ಚಿತ್ರ ಹಾಕಿ, ಸದಸ್ಯರು ಮೊಮ್ಮಕ್ಕಳನ್ನು ಕರೆತರುವಂತೆ ಮಾಡಿದರೆ ಖರ್ಚು ಹೆಚ್ಚೇನಾಗದು. ಮಕ್ಕಳು ಹಿಂದಿನ ಸಾಲಿನಲ್ಲಿ ಆಡುತ್ತಿದ್ದರೂ ಅಡ್ಡಿಯಿಲ್ಲ. ಧ್ವನಿ ಮಾತ್ರ ಹಿಂದಿನ ಸಾಲಿಗೂ ಕೇಳಿಸುವಷ್ಟಿರಲಿ.