ಕಾರ್ ಷೆಡ್ಡಿನ ಗಣಕಗೋಷ್ಠಿ

ಗಣಕಯಂತ್ರದಲ್ಲಿ ಅಭಿರುಚಿಯುಳ್ಳವರು ತಾವಾಗಿ ಕೂಡಿಕೊಂಡು ಕಟ್ಟಿದ ಸಂಘಗಳು ಲೋಕದಲ್ಲಿ ಅನೇಕವಿದ್ದರೂ, ನನ್ನ ಮನಸ್ಸು ಮರಳಿ ಮರಳಿ ಹೋಗಿ ನಿಲ್ಲುವುದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮೆನ್ಲೊ ಪಾರ್ಕ್ ಎಂಬ ಊರಿನಲ್ಲಿ, 1975ರ ಮಾರ್ಚ್ 5ರ ಬುಧವಾರ ರಾತ್ರಿ, ಹೊರಗೆ ಮಳೆ ಸುರಿಯುತ್ತಿರಲು, ಗೋರ್ಡನ್ ಫ್ರೆಂಚ್ ಎಂಬ ಎಂಜಿನಿಯರರ ಮನೆಯ ಕಾರ್ ಷೆಡ್ಡಿನಲ್ಲಿ ಮೊದಲ ಸಲ ಸೇರಿದ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಮೇಲೆ. ಆಪಲ್ ಕಂಪನಿಗೆ ತವರಾಯಿತೆಂಬ ಕಾರಣದಿಂದ ಲೋಕವು ಅದನ್ನು ನೆನೆಯುತ್ತದೆ. ನಾನು ನೆನೆಯುವುದು ಅದು ತನ್ನ ಸಭೆಯನ್ನು ನಡೆಸುತ್ತಿದ್ದ ಕ್ರಮಕ್ಕಾಗಿ.

ಅಂದಿನ ದಿನಗಳಲ್ಲಿ ಗಣಕವೆಂದರೆ ಬ್ಯಾಂಕು, ವಿಶ್ವವಿದ್ಯಾನಿಲಯ, ಸರ್ಕಾರಗಳ ಸ್ವತ್ತು. ಆ ವರ್ಷದ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಅಚ್ಚಾಗಿ, 397 ಡಾಲರಿಗೆ ಅದರ ಬಿಡಿಭಾಗಗಳ ಪೆಟ್ಟಿಗೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದೆಂದು ತಿಳಿದಾಗ, ಸ್ವಂತ ಗಣಕದ ಕನಸು ಕಾಣುತ್ತಿದ್ದವರೆಲ್ಲ ಹಣ ಕಳುಹಿಸಲು ಮುಗಿಬಿದ್ದರು. ಆದರೆ ಆ ಪೆಟ್ಟಿಗೆಯಲ್ಲಿದ್ದುದಾದರೂ ಏನು? ಇಂಟೆಲ್ 8080 ಸಂಸ್ಕಾರಕ, ಕೇವಲ 256 ಬೈಟುಗಳ ಸ್ಮೃತಿ, ಮುಂಭಾಗದಲ್ಲಿ ಒಂದಷ್ಟು ಸ್ವಿಚ್ಚುಗಳು, ಒಂದಷ್ಟು ಕೆಂಪು ದೀಪಗಳು; ಕೀಲಿಮಣೆಯಿಲ್ಲ, ಪರದೆಯಿಲ್ಲ. ರಾತ್ರಿಗಳನ್ನು ಕಳೆದು ಬೆಸುಗೆ ಹಾಕಿ ಮುಗಿಸಿದವನಿಗೆ ಮುಂದೇನು ಮಾಡಬೇಕೆಂದು ಹೇಳುವವರು ಊರಿನಲ್ಲಿ ಯಾರೂ ಇರಲಿಲ್ಲ. ಈ ಏಕಾಕಿತನವನ್ನು ಅರಿತೇ ಫ್ರೆಡ್ ಮೂರ್ ಎಂಬವರು, ಸ್ವಂತ ಗಣಕವನ್ನು ಕಟ್ಟುತ್ತಿರುವವರು ಬಂದು ಕೂಡಿರಿ, ತಿಳಿದುದನ್ನು ಹಂಚಿಕೊಳ್ಳೋಣ, ಕೆಲಸದಲ್ಲಿ ಒಬ್ಬರಿಗೊಬ್ಬರು ನೆರವಾಗೋಣ ಎಂಬ ಅರ್ಥದ ಸೂಚನಾಪತ್ರವನ್ನು ಅಲ್ಲಲ್ಲಿ ಅಂಟಿಸಿದರು. ಈ ಮೂರ್ ವೃತ್ತಿಯಿಂದ ತಂತ್ರಜ್ಞರಲ್ಲ, ಶಾಂತಿವಾದಿ. 1959ರಲ್ಲಿ ಬರ್ಕಲಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಿಗೆ ವಿಧಿಸಿದ್ದ ಕಡ್ಡಾಯ ಸೈನಿಕ ಶಿಕ್ಷಣವನ್ನು ವಿರೋಧಿಸಿ ಉಪವಾಸ ಕುಳಿತವರು. ಅಂಥ ಹಿನ್ನೆಲೆಯವರೊಬ್ಬರು ಯಂತ್ರಪ್ರೇಮಿಗಳನ್ನು ಒಟ್ಟುಗೂಡಿಸಿದುದು ಆಕಸ್ಮಿಕವೆಂದು ನಾನು ಎಣಿಸಲಾರೆ.

ಮುಂದಿನ ತಿಂಗಳು ಪೆನಿನ್ಸುಲಾ ಸ್ಕೂಲಿನಲ್ಲಿ ನಡೆದ ಸಭೆಗೆ ಸ್ಟೀವ್ ಡಾಂಪಿಯರ್ ಎಂಬ ಸದಸ್ಯರು ತಮ್ಮ ಆಲ್ಟೇರನ್ನೂ ಒಂದು ಚಿಕ್ಕ ರೇಡಿಯೊವನ್ನೂ ಹೊತ್ತು ತಂದರು. ಯಂತ್ರವು ಲೆಕ್ಕ ಮಾಡುವಾಗ ಹೊಮ್ಮುವ ವಿದ್ಯುತ್ಕಂಪನಗಳು ಪಕ್ಕದ ರೇಡಿಯೊದಲ್ಲಿ ಗರಗರ ಸದ್ದು ಹುಟ್ಟಿಸುವುದನ್ನು ಅವರು ಮನೆಯಲ್ಲಿ ಗಮನಿಸಿದ್ದರು. ಯಾವ ಆದೇಶವನ್ನು ಎಷ್ಟು ಸಲ ಪುನರಾವರ್ತಿಸಿದರೆ ಯಾವ ಸ್ವರ ಹೊರಡುವುದೆಂದು ತಾಳ್ಮೆಯಿಂದ ಪರೀಕ್ಷಿಸಿ ಪಟ್ಟಿ ಮಾಡಿಕೊಂಡಿದ್ದರು. ನೆರೆದವರೆಲ್ಲ ನೋಡುತ್ತಿರಲು ನೆಲದ ಮೇಲೆ ಬಗ್ಗಿ ಕುಳಿತು, ಒಂದೊಂದೇ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡುತ್ತ ಇಡೀ ಕ್ರಮವಿಧಿಯನ್ನು ಯಂತ್ರಕ್ಕೆ ಉಣಿಸಿ ಮುಗಿಸಿದಾಗ, ಆ ರೇಡಿಯೊದಿಂದ ಬೀಟಲ್ಸ್ ತಂಡದ 'ಫೂಲ್ ಆನ್ ದಿ ಹಿಲ್' ಹಾಡಿನ ರಾಗ ಕೇಳಿಬಂದಿತು. ಅದರ ಹಿಂದೆಯೇ, 1961ರಲ್ಲಿ ಬೆಲ್ ಪ್ರಯೋಗಾಲಯದ ಬೃಹದ್ಗಣಕವು ಹಾಡಿದ್ದ 'ಡೇಸಿ'ಯೂ ಬಂದಿತು. ಧ್ವನಿಯನ್ನು ಹೊರಡಿಸುವ ಯಾವ ಸಾಧನವೂ ಇಲ್ಲದ ಯಂತ್ರವೊಂದು ಹಾಡಿದ ಆ ಗಳಿಗೆಯನ್ನು ಕಲಾಭಿಜ್ಞನೊಬ್ಬನು ಉತ್ತಮ ಕಛೇರಿಯನ್ನು ಸ್ಮರಿಸುವಷ್ಟೇ ಆದರದಿಂದ ನಾನು ಸ್ಮರಿಸುತ್ತೇನೆ. ಡಾಂಪಿಯರ್ ಈ ಉಪಾಯವನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ವಿವರವಾಗಿ ಬರೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಬೇಕಾದವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ನುಡಿಸಿಕೊಳ್ಳುವಂತೆ ಮಾಡಿದರು.

ಜನ ಹೆಚ್ಚಿದಂತೆ ಸಭೆಯು ಸ್ಟ್ಯಾನ್‌ಫರ್ಡ್ ಲೀನಿಯರ್ ಆಕ್ಸಿಲರೇಟರ್ ಕೇಂದ್ರದ ಸಭಾಂಗಣಕ್ಕೆ ಸ್ಥಳಾಂತರಗೊಂಡು, ಅಲ್ಲಿ ಲೀ ಫೆಲ್ಸನ್‌ಸ್ಟೈನ್ ಎಂಬವರ ಸೂತ್ರಧಾರತ್ವದಲ್ಲಿ, ನಾನು ಮೇಲೆ ಹೇಳಿದ ಆ ಕ್ರಮವು ರೂಪುಗೊಂಡಿತು. ಮೊದಲ ಭಾಗದಲ್ಲಿ, ಕೋಲೊಂದನ್ನು ಹಿಡಿದು ನಿಂತ ಫೆಲ್ಸನ್‌ಸ್ಟೈನ್ ಯಾರ ಕಡೆ ತೋರಿಸುವರೋ ಅವರು ಎದ್ದು, ತಮ್ಮಲ್ಲಿ ಇರುವುದೇನು, ತಮಗೆ ಬೇಕಾದುದೇನು, ತಾವು ಕೇಳಿದ ಹೊಸ ಸಂಗತಿ ಏನು ಎಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಅದರಲ್ಲಿ ಆಸಕ್ತಿಯಿರುವವರು ಕೈಯೆತ್ತಿ ತಮ್ಮ ಮುಖವನ್ನು ತೋರಬೇಕು. ಎರಡನೆಯ ಭಾಗದಲ್ಲಿ ಎಲ್ಲರೂ ಎದ್ದು, ಮೊದಲೇ ಗುರುತಿಸಿಕೊಂಡವರನ್ನು ಹುಡುಕಿ ಹೋಗಿ, ಬಿಡಿಭಾಗ, ನಕ್ಷೆ, ಕ್ರಮವಿಧಿಗಳನ್ನು ರಂಧ್ರಗಳಲ್ಲಿ ದಾಖಲಿಸಿದ ಕಾಗದದ ಸುರುಳಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಮಾತಿಗಿಳಿಯುವರು. ಇದರ ಸೂಕ್ಷ್ಮವನ್ನು ಗಮನಿಸಬೇಕು. ಉಪನ್ಯಾಸಕನು ವೇದಿಕೆಯೇರಿ ಮಾತನಾಡಿದರೆ ತಿಳಿದವನು ಮೇಲೆ, ತಿಳಿಯದವನು ಕೆಳಗೆ ಉಳಿಯುತ್ತಾರೆ. ಇಲ್ಲಿಯಾದರೋ ಇಲ್ಲದುದನ್ನು ಹೇಳಿಕೊಳ್ಳುವುದು ಇರುವುದನ್ನು ಹೇಳಿಕೊಳ್ಳುವಷ್ಟೇ ಸಹಜವಾದುದರಿಂದ, ಸಂಕೋಚದಿಂದ ಮನೆಯಲ್ಲೇ ಉಳಿದುಬಿಡಬಹುದಾಗಿದ್ದ ಹೊಸಬನಿಗೂ ಬಾಯಿ ಬಂದಿತು. ಪರಸ್ಪರ ಸ್ಪರ್ಧಿಸುತ್ತಿದ್ದ ಸಂಸ್ಥೆಗಳ ನೌಕರರು ಸಹ ಅಲ್ಲಿ ಮುಚ್ಚುಮರೆಯಿಲ್ಲದೆ ಮಾತನಾಡುತ್ತಿದ್ದರು.

ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಕ್ಯಾಲ್ಕ್ಯುಲೇಟರ್‌ಗಳ ಕೆಲಸದಲ್ಲಿದ್ದ ನಾಚಿಕೆಯ ಯುವಕ ಸ್ಟೀವ್ ವೋಜ್ನಿಯಾಕ್, ಮೊದಲ ಸಭೆಯಿಂದ ಮನೆಗೆ ಒಯ್ದ ಸಂಸ್ಕಾರಕವೊಂದರ ವಿವರಣಪತ್ರದಿಂದ ಪ್ರೇರಿತರಾಗಿ ತಮ್ಮದೇ ಗಣಕವನ್ನು ರಚಿಸಿ, ಅದರ ನಕ್ಷೆಯ ಪ್ರತಿಗಳನ್ನು ಕ್ಲಬ್ಬಿನಲ್ಲಿ ಬೆಲೆಯಿಲ್ಲದೆ ಹಂಚಿದ್ದು, 1976ರಲ್ಲಿ ಅದೇ ಆಪಲ್-1 ಎಂಬ ಹೆಸರಿನಿಂದ 666.66 ಡಾಲರಿಗೆ ಮಾರಾಟಕ್ಕೆ ಬಂದದ್ದು ಪ್ರಸಿದ್ಧವೇ ಆದುದರಿಂದ ಅದನ್ನು ವಿಸ್ತರಿಸುವುದಿಲ್ಲ.

ಹಂಚಿಕೊಳ್ಳುವ ಈ ಉತ್ಸಾಹ ಒಮ್ಮೆ ಮೇರೆ ಮೀರಿತೆಂಬುದನ್ನು ಮರೆಮಾಚಲಾಗದು. ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಆಲ್ಟೇರಿಗಾಗಿ ಬರೆದ ಬೇಸಿಕ್ ಭಾಷೆಯ ರಂಧ್ರಿತ ಸುರುಳಿಯು ಸದಸ್ಯರ ಕೈಗೆ ಸಿಕ್ಕಿ, ಒಂದನ್ನು ಒಯ್ದವನು ಎರಡು ಪ್ರತಿಗಳನ್ನು ಮಾಡಿ ತರಬೇಕೆಂಬ ಕಟ್ಟಳೆಯೊಡನೆ ಹರಡಿತು; ಗೇಟ್ಸ್ 1976ರ ಫೆಬ್ರವರಿ 3ರ ಬಹಿರಂಗ ಪತ್ರದಲ್ಲಿ ಹವ್ಯಾಸಿಗಳ ಮೇಲೆ ಕಳ್ಳತನದ ಆರೋಪ ಹೊರಿಸಿದರು. ಬರೆದವನ ಶ್ರಮಕ್ಕೆ ಮೌಲ್ಯ ಸಲ್ಲಬೇಕೆಂಬ ಅವರ ವಾದವು ನ್ಯಾಯವಾದುದೇ. ಆದರೂ ಅದಕ್ಕೆ ಯೋಗ್ಯವಾದ ಉತ್ತರವೂ ಆ ವಲಯದಿಂದಲೇ ಹೊರಟಿತು: ಡೆನ್ನಿಸ್ ಆಲಿಸನ್ ಎಲ್ಲರಿಗಾಗಿ ಮೊದಲೇ ಪ್ರಕಟಿಸಿದ್ದ ಟೈನಿ ಬೇಸಿಕ್ ಎಂಬ ಚಿಕ್ಕ ಭಾಷೆಯ ವಿನ್ಯಾಸವನ್ನು ಆಧರಿಸಿ ಹಲವರು ತಮ್ಮ ತಮ್ಮ ಆವೃತ್ತಿಗಳನ್ನು ಬರೆದರು; ಟಾಮ್ ಪಿಟ್‌ಮನ್ ತಮ್ಮದನ್ನು 5 ಡಾಲರಿಗೆ ಮಾರಿದಾಗ, ಬಳಸುವವರು ಸಂತೋಷದಿಂದಲೇ ಹಣ ಕಳುಹಿಸಿದರು.

ಕ್ಲಬ್ಬು 1986ರ ಡಿಸೆಂಬರಿನವರೆಗೆ ನಡೆಯಿತು. ಕೊಟ್ಟು ಬೆಳೆಸುವ ಈ ಗುಣ ನಮಗೆ ಅಪರಿಚಿತವೇನೂ ಅಲ್ಲ, ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವು ಮುಕ್ತವಾಗಿ ದೊರೆತುದರಿಂದಲೇ ಇಂದು 'ನುಡಿ' ತಂತ್ರಾಂಶದಲ್ಲಿ ಬರೆಯುವವರ ಬೆರಳುಗಳು ಅದಕ್ಕೆ ಒಗ್ಗಿಕೊಂಡಿವೆ. ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಗ್ರಂಥಾಲಯಗಳಿವೆ, ಸಂಜೆಯ ಹೊತ್ತು ಬರಿದಾಗಿರುವ ಶಾಲಾ ಕೊಠಡಿಗಳಿವೆ. ಗಣಕದಲ್ಲಿ ಕನ್ನಡದ ಅಕ್ಷರ ಮೂಡಿಸಲು ಅರಿಯದ ಹಿರಿಯರೂ, ಅರಿತರೂ ಕೇಳುವವರಿಲ್ಲದ ಕಿರಿಯರೂ ಅದೇ ಬೀದಿಯಲ್ಲಿದ್ದಾರೆ. ಈ ಅಂಕಣವನ್ನು ಓದುವವರಲ್ಲಿ ಯಾರಿಗಾದರೂ ಮನಸ್ಸಿದ್ದರೆ, ಹದಿನೈದು ದಿನಕ್ಕೊಮ್ಮೆ ಅವರನ್ನು ಒಂದೆಡೆ ಕರೆಯಿರಿ. ಭಾಷಣಗಳನ್ನು ಏರ್ಪಡಿಸದೆ, ಇರುವುದನ್ನೂ ಬೇಕಾದುದನ್ನೂ ಪ್ರತಿಯೊಬ್ಬರೂ ಎದ್ದು ಹೇಳುವ ಕ್ರಮದಿಂದಲೇ ಮೊದಲ ಸಭೆಯನ್ನು ಆರಂಭಿಸಿರಿ.