ಗಣಿ ಮುಚ್ಚಿದ ಮೇಲಿನ ಮಾತು

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಟೈನ್ ನದಿಯ ದಡದ ನ್ಯೂಕಾಸಲ್ ಮತ್ತು ಅದರ ಸುತ್ತಮುತ್ತಲಿನ ಜನರನ್ನು ಜಾರ್ಡಿಗಳೆಂದು ಕರೆಯುತ್ತಾರೆ. ಅವರಾಡುವ ಇಂಗ್ಲಿಷಿಗೂ ಅದೇ ಹೆಸರು. ಜಾರ್ಜ್ ಎಂಬುದರ ಮುದ್ದಿನ ರೂಪ ಜಾರ್ಡಿ. ಅದು ಇಡೀ ಸೀಮೆಯ ಜನಕ್ಕೆ ಹೇಗೆ ಅಂಟಿಕೊಂಡಿತು ಎನ್ನುವುದಕ್ಕೆ ನಾಲ್ಕಾರು ಕತೆಗಳಿವೆ, ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ. (ಹತ್ತು ಹನ್ನೆರಡು ಮೈಲಿ ಆಚೆಯ ಸಂಡರ್‌ಲ್ಯಾಂಡಿನವರನ್ನು ಜಾರ್ಡಿ ಎಂದುಬಿಟ್ಟರೆ ಮಾತ್ರ ಜಗಳ ಗ್ಯಾರಂಟಿ.) ತಮ್ಮ ನುಡಿಯ ಬಗ್ಗೆ ಈ ಜನಕ್ಕಿರುವ ಅಭಿಮಾನ ಹೆಸರುವಾಸಿ. ಚಹಾದ ಕಪ್ಪು, ಟವೆಲ್ಲು, ಟೀ ಶರ್ಟುಗಳ ಮೇಲೆಲ್ಲ ಜಾರ್ಡಿ ಪದಗಳು. ಈ ಸಂಭ್ರಮ ಕಂಡರೆ ನನಗೆ ಖುಷಿಯಾಗುತ್ತದೆ. ಒಂದು ತಕರಾರೂ ಇದೆ.

ಹಾಡಿನಿಂದಲೇ ಶುರುಮಾಡುತ್ತೇನೆ. 1862ರ ಜೂನ್ 5ರಂದು ನ್ಯೂಕಾಸಲ್‌ನ ಬಾಮ್‌ಬ್ರಾಸ್ ಎಂಬ ಮ್ಯೂಸಿಕ್ ಹಾಲಿನಲ್ಲಿ ಜಾರ್ಜ್ ರಿಡ್ಲಿ ಎಂಬವನು ‘ಬ್ಲೇಡನ್ ರೇಸಸ್’ ಹಾಡಿದ. ಹ್ಯಾರಿ ಕ್ಲ್ಯಾಸ್ಪರ್ ಎಂಬ ಹೆಸರಾಂತ ದೋಣಿ ಪಂದ್ಯಗಾರನ ಸಹಾಯಾರ್ಥ ಏರ್ಪಾಡಾಗಿದ್ದ ಕಾರ್ಯಕ್ರಮವದು. ಕುದುರೆ ಜೂಜು ನೋಡಲು ಜನ ಕುದುರೆ ಬಸ್ಸಿನಲ್ಲಿ ಕಿಕ್ಕಿರಿದು ಹೊರಡುತ್ತಾರೆ. ದಾರಿಯಲ್ಲಿ ಚಕ್ರ ಕಳಚಿ ಹಾರುತ್ತದೆ. ಕೆಲವರಿಗೆ ಪೆಟ್ಟಾಗುತ್ತದೆ, ಉಳಿದವರು ಮುಂದೆ ಸಾಗುತ್ತಾರೆ. ಹಾಡಿನ ಕತೆ ಇಷ್ಟೆ. ಇದನ್ನು ಕಟ್ಟಿದ ರಿಡ್ಲಿ ಹುಡುಗನಾಗಿದ್ದಾಗಲೇ ಗಣಿ ಕೆಲಸಕ್ಕೆ ಸೇರಿದವನು. ಕಲ್ಲಿದ್ದಲಿನ ಬಂಡಿಗಳ ಅಪಘಾತದಲ್ಲಿ ಮೈ ಜಜ್ಜಿಹೋಗಿ, ಕಷ್ಟದ ಕೆಲಸ ಆಗದೆ, ಹಾಡನ್ನು ಹೊಟ್ಟೆಪಾಡು ಮಾಡಿಕೊಂಡವನು. 1864ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿ, ತೀರಿಕೊಂಡ. ಬಂಡಿಗೆ ಸಿಕ್ಕಿ ನುಗ್ಗಾದವನೊಬ್ಬ ಬಂಡಿಯ ಚಕ್ರ ಕಳಚಿದ್ದನ್ನು ನಗಿಸುತ್ತ ಹೇಳುತ್ತಿದ್ದಾನೆ ಎಂಬುದು ತಿಳಿದ ಮೇಲೆ ನನಗೆ ಆ ಹಾಡು ಮೊದಲಿನಂತೆ ಕೇಳಿಸಲಿಲ್ಲ.

ಇವತ್ತು ನ್ಯೂಕಾಸಲ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಹಾಡು ಅದೇ. ಮೈದಾನದಲ್ಲಿ ಮೊಳಗುವುದು ಸಾಮಾನ್ಯವಾಗಿ ಮೊದಲ ಚರಣ ಮತ್ತು ಪಲ್ಲವಿ. ಚಕ್ರ ಕಳಚುವುದು ಎರಡನೆಯ ಚರಣದಲ್ಲಿ. ನನ್ನ ತಕರಾರು ಇದೇ: ಸಂಭ್ರಮ ಚಕ್ರ ಕಳಚುವ ಮೊದಲೇ ನಿಂತುಬಿಡುತ್ತದೆ.

1969ರಲ್ಲಿ ಸ್ಕಾಟ್ ಡಾಬ್ಸನ್ ‘ಲಾರ್ನ್ ಯರ್ಸೆಲ್ ಜಾರ್ಡಿ’ ಎಂಬ ಪುಟ್ಟ ಪುಸ್ತಕ ತಂದ. ‘ಜಾರ್ಡಿ ಕಲಿಯಿರಿ’ ಎಂದು ಪರಭಾಷೆಯ ಪಠ್ಯದ ಧಾಟಿಯಲ್ಲಿ ಬರೆದ ತಮಾಷೆ. ಓದಿದರೆ ನಗು ಬರುತ್ತದೆ, ಸುಳ್ಳು ಹೇಳಲಾರೆ. ಊರಿನವನೇ ಊರಿನವರಿಗಾಗಿ ಮಾಡಿದ ತಮಾಷೆ ಬೇರೆ, ಅದೇ ಪ್ರವಾಸಿಗರ ಅಂಗಡಿಯ ಸರಕಾದಾಗ ಬೇರೆ ಎನ್ನುವುದು ನಿಜ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದರ ಕಾಗುಣಿತ. ಕನ್ನಡದಲ್ಲಿ ಧಾರವಾಡದ ಮಾತನ್ನೋ ನಂಜನಗೂಡಿನ ಮಾತನ್ನೋ ಬರೆಯುವವರಿಗೆ ಲಿಪಿ ತಕ್ಕಮಟ್ಟಿಗೆ ಜೊತೆ ಕೊಡುತ್ತದೆ, ಕೇಳಿದ್ದನ್ನು ಕೇಳಿದ ಹಾಗೆ ಬರೆಯಬಹುದು. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಸೀಮೆಯ ಮಾತು ತೋರಿಸಬೇಕಾದರೆ ಕಾಗುಣಿತ ಕೆಡಿಸಬೇಕು. ಕೆಟ್ಟ ಕಾಗುಣಿತ ಕಂಡ ಕೂಡಲೇ ಓದುಗನಿಗೆ ಅಕ್ಷರ ಬಾರದವನೊಬ್ಬ ಕಣ್ಣಮುಂದೆ ಬರುತ್ತಾನೆ. ಲಂಡನ್ನಿನ ದೊಡ್ಡಮನುಷ್ಯನೂ ಬರೆದಂತೆ ಮಾತಾಡುವುದಿಲ್ಲ, ಆದರೆ ಅವನ ಮಾತಿಗಾಗಿ ಯಾರೂ ಕಾಗುಣಿತ ಕೆಡಿಸುವುದಿಲ್ಲ.

ಇದಕ್ಕೆ ಅಭಿಮಾನಿಗಳ ಉತ್ತರ ಪ್ರಾಚೀನತೆ. ಮಗುವಿಗೆ ಅವರು ‘ಬೇರ್ನ್’ ಎನ್ನುತ್ತಾರೆ, ಹೋಗುವುದಕ್ಕೆ ‘ಗ್ಯಾನ್’. ಎರಡೂ ಹಳೆಯ ಇಂಗ್ಲಿಷಿನ ಬೇರುಳ್ಳವು. ಮನೆಗೆ ‘ಹ್ಯೆಮ್’ ಎನ್ನುವುದು ನಾರ್ವೆಯವರ ಮಾತಿಗೆ ಹತ್ತಿರ. ಎಲ್ಲ ಸರಿಯೇ. ಆದರೆ ಒಂದು ಮಾತು ಹಳೆಯದೆಂಬ ಕಾರಣಕ್ಕೇ ಗೌರವ ಕೇಳುವುದು ದುರ್ಬಲ ವಾದ. ಪ್ರಾಚೀನತೆಯ ಹೆಮ್ಮೆ ನಮಗೇನೂ ಹೊಸದಲ್ಲವಲ್ಲ, ಅದು ಎಷ್ಟು ದೂರ ಕೊಂಡೊಯ್ಯುತ್ತದೆ ಎಂಬುದು ಗೊತ್ತೇ ಇದೆ.

ಹೀಗೆ ಅನ್ನಿಸುತ್ತಿದ್ದಾಗ ಕೈಹಿಡಿದವನು ಬಿಲ್ ಗ್ರಿಫಿತ್ಸ್. ಕವಿ, ಹಳೆಯ ಇಂಗ್ಲಿಷಿನ ವಿದ್ವಾಂಸ. ಹುಟ್ಟಿದ್ದು ಲಂಡನ್ನಿನ ಕಡೆ. ಆಮೇಲೆ ಡರಮ್ ಸೀಮೆಯ ಸೀಹ್ಯಾಮ್ ಎಂಬ ಗಣಿಯೂರಿಗೆ ಬಂದು ನೆಲೆಸಿದ. ಹೊರಗಿನವನಾಗಿ ಈ ಸೀಮೆಯ ಪದಗಳನ್ನು ಕೂಡಿಹಾಕಿದ. 2004ರಲ್ಲಿ ಈಶಾನ್ಯದ ನುಡಿಕೋಶ, 2007ರಲ್ಲಿ ಗಣಿಗಾರರ ಆಡುಮಾತಿನ ಮೇಲೆ ‘ಪಿಟ್‌ಮ್ಯಾಟಿಕ್’. ಗಣಿಗಾರರ ಈ ಮಾತು ನಗರದ ಜಾರ್ಡಿಗಿಂತ ಸ್ವಲ್ಪ ಬೇರೆ, ಆದರೆ ಬಂಧುಬಳಗವೇ. ಕೆಲಸದ ಜೊತೆಗಾರ ‘ಮಾರಾ’. ಕೆಲಸಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ ‘ಬೇಟ್’. ತಗ್ಗಿನಲ್ಲಿ ಕುಳಿತು ಕಡಿಯಲು ಇಟ್ಟುಕೊಳ್ಳುವ ಪುಟ್ಟ ಮಣೆ ‘ಕ್ರ್ಯಾಕೆಟ್’.

ಇಂಥ ಪದಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕ್ಯಾವಿಲ್’. ಗಣಿಯಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ಒಂದು ಕಡೆ ಕಲ್ಲಿದ್ದಲಿನ ಪದರ ದಪ್ಪ, ಒಂದು ಕಡೆ ತೆಳು. ಒಂದು ಕಡೆ ಒಣ, ಇನ್ನೊಂದು ಕಡೆ ಮೊಣಕಾಲುದ್ದ ನೀರು. ಕಡಿದಷ್ಟಕ್ಕೇ ಕೂಲಿಯಾದ್ದರಿಂದ ಜಾಗ ಒಳ್ಳೆಯದಾದರೆ ಮನೆಯಲ್ಲಿ ಊಟ ಒಳ್ಳೆಯದು. ಹಾಗಾದರೆ ಯಾರಿಗೆ ಯಾವ ಜಾಗ? ಮೇಸ್ತ್ರಿ ಹಂಚಿದರೆ ಅವನಿಗೆ ಬೇಕಾದವರಿಗೆ ಒಳ್ಳೆಯದು, ಸಂಘ ಕಟ್ಟುವವನಿಗೆ ನೀರು ನಿಂತ ಮೂಲೆ. ಅದಕ್ಕೇ ಡರಮ್, ನಾರ್ಥಂಬರ್‌ಲ್ಯಾಂಡ್ ಗಣಿಗಳಲ್ಲಿ ಮೂರು ತಿಂಗಳಿಗೊಮ್ಮೆ ಚೀಟಿ ಎತ್ತುತ್ತಿದ್ದರು. ಆ ಚೀಟಿಯೇ ಕ್ಯಾವಿಲ್, ಅದರಲ್ಲಿ ಬಂದ ಜಾಗವೂ ಕ್ಯಾವಿಲ್. ಯಜಮಾನನ ಕೈಯಿಂದ ಪಕ್ಷಪಾತದ ಅಧಿಕಾರವನ್ನು ಕಿತ್ತುಕೊಂಡ ಪದ್ಧತಿ ಈ ಮೂರಕ್ಷರದಲ್ಲಿದೆ. ಅದನ್ನು ಚಹಾದ ಕಪ್ಪಿನ ಮೇಲೆ ಅಚ್ಚುಹಾಕಲು ಬರುವುದಿಲ್ಲ, ಯಾಕೆಂದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಯಂತ್ರಗಳು ಬಂದು ಕೂಲಿಯ ಲೆಕ್ಕ ಬದಲಾದಾಗ ಕ್ಯಾವಿಲ್‌ಗೆ ಕೆಲಸವಿಲ್ಲದಾಯಿತು. ಈಶಾನ್ಯದ ಕೊನೆಯ ಆಳದ ಗಣಿ, ಎಲಿಂಗ್ಟನ್, 2005ರಲ್ಲಿ ಮುಚ್ಚಿತು. ‘ಪಿಟ್‌ಮ್ಯಾಟಿಕ್’ ಬಂದದ್ದು ಅದಾಗಿ ಎರಡು ವರ್ಷಕ್ಕೆ, ಗ್ರಿಫಿತ್ಸ್ ತೀರಿಕೊಂಡದ್ದೂ ಅದೇ ವರ್ಷ.

ಕಾಗುಣಿತದ ತೊಡಕಿಗೆ ಬೇರೆಯದೇ ಉತ್ತರ ಕೊಟ್ಟವನು ಬೇಸಿಲ್ ಬಂಟಿಂಗ್. 1900ರಲ್ಲಿ ನ್ಯೂಕಾಸಲ್‌ನ ಸ್ಕಾಟ್ಸ್‌ವುಡ್‌ನಲ್ಲಿ ಹುಟ್ಟಿದ ವೈದ್ಯರ ಮಗ. ಅರವತ್ತರ ಹೊತ್ತಿಗೆ ಜನ ಅವನನ್ನು ಮರೆತೇಬಿಟ್ಟಿದ್ದರು, ಊರಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡಿಕೊಂಡಿದ್ದ. ಟಾಮ್ ಪಿಕಾರ್ಡ್ ಎಂಬ ತರುಣ ಕವಿ ಅವನನ್ನು ಹುಡುಕಿಕೊಂಡು ಹೋದ. ಪಿಕಾರ್ಡ್ ಮತ್ತು ಕೋನಿ ಪಿಕಾರ್ಡ್ ಊರಿನ ಹಳೆಯ ಕೋಟೆಗೋಡೆಯ ಮಾರ್ಡನ್ ಟವರ್‌ನಲ್ಲಿ ಕವಿತಾ ವಾಚನ ನಡೆಸುತ್ತಿದ್ದರು. 1965ರ ಡಿಸೆಂಬರ್‌ನಲ್ಲಿ ಬಂಟಿಂಗ್ ‘ಬ್ರಿಗ್‌ಫ್ಲಾಟ್ಸ್’ ಓದಿದ್ದು ಅಲ್ಲಿ. ಅವನು ಕಾಗುಣಿತ ಕೆಡಿಸಲೇ ಇಲ್ಲ. ಎಲ್ಲರ ಇಂಗ್ಲಿಷಿನಲ್ಲೇ ಬರೆದು, ಸೀಮೆಯನ್ನು ದನಿಯಲ್ಲಿ ಇಟ್ಟ. ಧ್ವನಿಮುದ್ರಿಕೆ ಕೇಳಿದರೆ ಒತ್ತಿ ಉರುಳಿಸುವ ರಕಾರ, ಎಳೆದ ಸ್ವರ ಎಲ್ಲವೂ ಸಿಗುತ್ತದೆ.

ಇದು ದೊಡ್ಡ ಕಾವ್ಯ, ಅನುಮಾನವಿಲ್ಲ. ಆದರೆ ಅಲ್ಲಿರುವ ಕಲ್ಲುಕುಟಿಗನಿಗೂ ನದಿಗೂ ಸಿಕ್ಕ ಜಾಗ ಗಣಿಗೆ ಸಿಕ್ಕಿಲ್ಲ. ಬಂಟಿಂಗ್‌ನ ಹತ್ತಿರ ಈ ಸೀಮೆಯ ನಾದವಿದೆ, ಗ್ರಿಫಿತ್ಸ್‌ನ ಹತ್ತಿರ ಅದರ ಕೂಲಿಯ ಲೆಕ್ಕವಿದೆ. ಒಂದನ್ನೇ ಆರಿಸಬೇಕೆಂದರೆ ನಾನು ಪದಕೋಶದ ಕಡೆ ವಾಲುತ್ತೇನೆ. ಕವಿತೆಯ ವಿದ್ಯಾರ್ಥಿಗಳಿಗೆ ಇದು ಹಿಡಿಸಲಿಕ್ಕಿಲ್ಲ.

ನಮಗೆ ಸಂಬಂಧಪಟ್ಟದ್ದೂ ಒಂದಿದೆ. ಟೈನ್ ದಡದ ವಾಲ್‌ಸೆಂಡ್‌ನಲ್ಲಿ ಸ್ವಾನ್ ಹಂಟರ್ ಎಂಬ ಹಡಗುಕಟ್ಟೆಯಿತ್ತು, ‘ಮಾರಿಟೇನಿಯ’ ಎಂಬ ಹೆಸರಾಂತ ಹಡಗು ಅಲ್ಲಿಯದೇ. ಅದು ನಿಂತುಹೋದ ಮೇಲೆ, ಆಕಾಶಕ್ಕೆ ಚಾಚಿ ನಿಂತಿದ್ದ ಅದರ ಕ್ರೇನ್‌ಗಳನ್ನು 2007ರಲ್ಲಿ ಕೊಂಡದ್ದು ಭಾರತದ ಭಾರತಿ ಶಿಪ್‌ಯಾರ್ಡ್. ಅವನ್ನು ಬಿಚ್ಚಿ ಹಡಗಿಗೇರಿಸಿ ಇತ್ತ ಸಾಗಿಸಿದರು. ಆ ಕಟ್ಟೆಯ ಕೆಲಸದ ಮಾತು ಅಲ್ಲಿನ ಮುದುಕರ ಬಾಯಲ್ಲೇ ಉಳಿಯಿತು.

ಓದಬೇಕೆನ್ನುವವರು ಮೊದಲು ಬಂಟಿಂಗ್‌ನ ದನಿ ಕೇಳಿ, ಆಮೇಲೆ ‘ಪಿಟ್‌ಮ್ಯಾಟಿಕ್’ ತೆರೆಯಿರಿ. ರಿಡ್ಲಿಯ ಹಾಡನ್ನು ಎಲ್ಲಿ ಕೇಳಿದರೂ ಎರಡನೆಯ ಚರಣದವರೆಗೆ ಕಾಯಿರಿ.